ಅನುಮತಿ ಎಂಬ ಪರಿಗ್ರಹ

ಕಳೆದ ವರ್ಷ ದಶಲಕ್ಷಣ ಪರ್ವದ ಎಂಟನೆಯ ದಿನ ಉತ್ತಮ ತ್ಯಾಗ ಧರ್ಮವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನಮ್ಮ ದಡ್ಡಿಯಿಂದ ತುಸು ದೂರದ ಗ್ರಾಮವೊಂದರ ಬಸದಿಗೆ ನನ್ನನ್ನು ಕರೆದಿದ್ದರು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ನನಗೆ ತಿಳಿದಷ್ಟು ವಿವರಿಸಿ, ಬಿಡುವುದರಲ್ಲಿಯೇ ಸುಖವಿದೆ ಎಂದು ಉಪಸಂಹಾರ ಮಾಡಿ ಹೊರಗೆ ಬಂದೆ. ಮೆಟ್ಟಿಲ ಬಳಿ ಒಬ್ಬ ರೈತರು ಕೈಮುಗಿದು ನಿಂತಿದ್ದರು. ಮೂವತ್ತು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕುಳಿತಿದ್ದ ಹುಡುಗ. ಈಗ ತಲೆ ನರೆತಿದೆ. ಅವರು ಕೇಳಿದ ಪ್ರಶ್ನೆಯನ್ನು ಅವರ ಮಾತಿನಲ್ಲಿಯೇ ಕೊಡುತ್ತೇನೆ:

“ಗುರುಗಳ, ಒಬ್ಬಾಂವ ಮಗಾ. ಮಿಲ್ಟ್ರಿಗೆ ಹೋಗ್ತೀನಿ ಅಂತ ಹಟಾ ಹಿಡದಾನ್ರಿ. ನಾ ಹೂಂ ಅಂದು, ನಾಳೆ ಅಲ್ಲಿ ಏನರೆ ಆದ್ರ ಆ ಪಾಪ ನನಗ ಬರ್ತೈತೇನ್ರಿ? ಬ್ಯಾಡ ಅಂದ್ರ ಜನ್ಮಪೂರ್ತಿ ನನ್ನ ಬೈತಾನ. ಏನ್ ಮಾಡ್ಲಿ ಹೇಳ್ರಿ.”

ಬಿಡುವುದರಲ್ಲಿ ಸುಖವಿದೆ ಎಂದು ಆಗತಾನೇ ಮುಕ್ಕಾಲು ಗಂಟೆ ಮಾತನಾಡಿದ್ದ ನನಗೆ ಉತ್ತರ ಹೊಳೆಯಲಿಲ್ಲ. ಧಾನ್ಯವನ್ನು ಬಿಡಬಹುದು, ಹಣವನ್ನು ಬಿಡಬಹುದು. ಹತ್ತೊಂಬತ್ತು ವರ್ಷದ ಮಗನನ್ನು ಅಪಾಯವಿರುವ ದಾರಿಗೆ ಬಿಡುವುದು ಹೇಗೆ? “ಕ್ಷಮಾವಣಿಯ ದಿನ ಮತ್ತ ಬರ್ತೀನಿ, ಅವತ್ತು ಹೇಳ್ತೀನಿ ತಮ್ಮಾ” ಎಂದು ಹೇಳಿ ಮನೆಗೆ ಬಂದೆ. ಆ ದಿನಗಳಲ್ಲಿ ನಾನು ಮಾಡಿದ ಸ್ವಾಧ್ಯಾಯವನ್ನೂ ಅದರ ನಡುವೆ ನೆನಪಾದ ನನ್ನದೇ ಒಂದು ತಪ್ಪನ್ನೂ ಈ ವಾರ ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಮೊದಲಿಗೆ, ಆ ರೈತರ ಪ್ರಶ್ನೆ ಅಜ್ಞಾನದಿಂದ ಹುಟ್ಟಿದ್ದಲ್ಲ. ಜೈನ ಮನೆಯಲ್ಲಿ ಬೆಳೆದವನು ಮಾತ್ರ ಕೇಳಬಲ್ಲ ಪ್ರಶ್ನೆಯದು. ಬೇರೆ ಕಡೆ “ಮಾಡಿದವನ ಪಾಪ ಆಡಿದವನ ಬಾಯಲ್ಲಿ” ಎಂದು ಹಗುರವಾಗಿ ಹೇಳಿ ಮುಗಿಸಬಹುದು. ನಮ್ಮಲ್ಲಿ ಹಾಗಿಲ್ಲ. ಕೃತ, ಕಾರಿತ, ಅನುಮತ ಎಂದು ಕ್ರಿಯೆಯನ್ನು ಮೂರಾಗಿ ವಿಂಗಡಿಸಿ, ತಾನು ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡುವವರನ್ನು ಒಪ್ಪುವುದು, ಈ ಮೂರರಿಂದಲೂ ಕರ್ಮದ ಆಸ್ರವವಾಗುತ್ತದೆ ಎಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ತೋರಿಸಿದ್ದಾರೆ. ಸಂಕಲ್ಪ, ಸಿದ್ಧತೆ, ಆರಂಭ ಎಂಬ ಮೂರು ಹಂತ. ಮನಸ್ಸು, ಮಾತು, ಕಾಯ ಎಂಬ ಮೂರು ಯೋಗ. ಕೃತ, ಕಾರಿತ, ಅನುಮತ ಎಂಬ ಮೂರು ಬಗೆ. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯ. ಇವನ್ನು ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ 108 ಮಣಿಗಳು ಈ 108 ದ್ವಾರಗಳನ್ನು ನೆನಪಿಸುತ್ತವೆ ಎಂದು ಹಿರಿಯರು ಹೇಳುವುದುಂಟು. ‘ಹೂಂ’ ಎಂಬ ಒಂದು ಅಕ್ಷರಕ್ಕೂ ಲೆಕ್ಕವಿದೆ ಎಂದು ಕಲಿತು ಬಂದ ತಂದೆ ಆ ಅಕ್ಷರವನ್ನಾಡಲು ಹೆದರಿದರೆ ಆಶ್ಚರ್ಯವೇನು?

ಆದರೆ ಆ ಲೆಕ್ಕದಲ್ಲಿ ನಾಲ್ಕನೆಯ ಸಾಲನ್ನು ನಾವು ಮರೆಯುತ್ತೇವೆ. ಒಪ್ಪಿಗೆಯೊಂದೇ ಅಲ್ಲಿಲ್ಲ, ಒಪ್ಪಿಗೆಯ ಹಿಂದಿನ ಕಷಾಯವೂ ಇದೆ. ಮಗ ಸೈನ್ಯ ಸೇರಿದರೆ ಊರಿನಲ್ಲಿ ನನ್ನ ಹೆಸರಾಗುತ್ತದೆ ಎಂದು ಒಪ್ಪಿದರೆ ಅಲ್ಲಿ ಮಾನವಿದೆ. ಸಂಬಳ ಮನೆಗೆ ಬರುತ್ತದೆ, ಸಾಲ ತೀರುತ್ತದೆ ಎಂದು ಒಪ್ಪಿದರೆ ಅಲ್ಲಿ ಲೋಭವಿದೆ. ಬೇಡವೆನ್ನುವಾಗಲೂ ಇದೇ ಲೆಕ್ಕ. ನನ್ನ ಮಾತು ಮೀರುವನೇ ಎಂಬ ಕ್ರೋಧದಿಂದ ತಡೆದರೆ ಆ ತಡೆಯೂ ಆಸ್ರವವೇ. ಪಾಪ ‘ಹೂಂ’ ಎನ್ನುವಲ್ಲಿ ಮಾತ್ರ ಇದೆ, ‘ಉಹೂಂ’ ಎಂದರೆ ನಾನು ಶುದ್ಧ ಎಂದು ತಿಳಿಯುವುದು ತಂದೆತಾಯಿಗಳ ಸಾಮಾನ್ಯ ಭ್ರಮೆ.

ಹಿಂಸೆಯ ಲಕ್ಷಣವನ್ನು ಹೇಳುವಾಗಲೂ ಆಚಾರ್ಯರು ಪ್ರಮಾದವನ್ನು ಮುಂದಿಡುತ್ತಾರೆ. ಎಚ್ಚರಗೇಡಿತನದಿಂದ, ಕಷಾಯದಿಂದ ಕೂಡಿ ಪ್ರಾಣಕ್ಕೆ ಕೇಡು ತಂದರೆ ಅದು ಹಿಂಸೆ. ಮುನಿಗಳು ಈರ್ಯಾಸಮಿತಿಯಿಂದ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು ನಡೆಯುತ್ತಾರೆ. ಅಷ್ಟು ಎಚ್ಚರದಿಂದ ನಡೆದೂ ಕಾಣದ ಜೀವವೊಂದು ಕಾಲಡಿಗೆ ಬಿದ್ದರೆ ಅದು ಬಂಧಕ್ಕೆ ಕಾರಣವಾಗದು ಎನ್ನುತ್ತದೆ ಶಾಸ್ತ್ರ. ನೋಡದೆ ನಡೆದವನ ಕಾಲಿಗೆ ಯಾವ ಜೀವವೂ ಸಿಗದಿದ್ದರೂ ಅವನು ಹಿಂಸಕನೇ. ತಂದೆಯ ಒಪ್ಪಿಗೆಗೂ ಇದೇ ಅಳತೆ ಸಲ್ಲುತ್ತದೆ ಎಂದು ನನಗನಿಸುತ್ತದೆ. ದಾರಿಯನ್ನು ನೋಡಿ, ಮಗನಿಗೂ ತೋರಿಸಿ, ತಿಳಿದದ್ದನ್ನೆಲ್ಲ ಹೇಳಿ ಬಿಟ್ಟವನು ಮುಂದೆ ಬರುವ ಆಪತ್ತಿಗೆ ಹೊಣೆಯಲ್ಲ. ನೋಡದೆ ಬಿಟ್ಟವನು ಆಪತ್ತು ಬರದಿದ್ದರೂ ಹೊಣೆ.

ಜೈನನ ಮಗ ಸೈನ್ಯಕ್ಕೆ ಹೋಗಬಹುದೇ ಎಂಬ ಸಂಶಯವೂ ಆ ತಂದೆಯ ಮನದ ಮೂಲೆಯಲ್ಲಿತ್ತು. ಶ್ರಾವಕರಿಗೆ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ, ಕೊಲ್ಲಬೇಕೆಂಬ ಸಂಕಲ್ಪದಿಂದ ಮಾಡುವ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕೆಂದು ಹೇಳಲಾಗಿದೆ. ಅಡುಗೆ, ಬೇಸಾಯ, ಆತ್ಮರಕ್ಷಣೆ ಮತ್ತು ದೇಶರಕ್ಷಣೆಗಳಲ್ಲಿ ಆಗುವುದನ್ನು ಸಾಧ್ಯವಾದಷ್ಟು ಕಡಿಮೆ ಮಾಡಿಕೊಳ್ಳಬೇಕು. ಕಡಿಮೆ ಮಾಡಿಕೊಳ್ಳಬೇಕು ಎಂದರೆ ಅದು ಹಿಂಸೆಯೇ ಅಲ್ಲವೆಂದು ಅರ್ಥವಲ್ಲ. ಅಣುವ್ರತಿಗೆ ಅಷ್ಟು ವಿನಾಯಿತಿ ಇದೆ ಎಂದಷ್ಟೇ ಅರ್ಥ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕನಾಗಿದ್ದವನು. ಆತನ ತಾಯಿ ಕಾಳಲಾದೇವಿ ಮಗನನ್ನು ಎಷ್ಟು ಸಲ ಯುದ್ಧಕ್ಕೆ ಕಳುಹಿಸಿ ಬಾಗಿಲಲ್ಲಿ ನಿಂತಿರಬೇಕು! ಬಾಹುಬಲಿಯ ದರ್ಶನಕ್ಕಾಗಿ ಹಂಬಲಿಸಿದ ಆಕೆಯ ಭಕ್ತಿಯ ಕಥೆ ನಮಗೆಲ್ಲ ಗೊತ್ತು. ಆ ಭಕ್ತಿ ದಂಡನಾಯಕನ ತಾಯಿಯ ಮನೆಯಲ್ಲಿ ಬೆಳೆದದ್ದು ಎಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ.

ಇಷ್ಟರ ಮಟ್ಟಿಗೆ ಶಾಸ್ತ್ರವನ್ನು ನೋಡಿದಾಗ ಉತ್ತರ ಸುಲಭವೆನಿಸಿತು. ಆಗ ನನ್ನ ಮಗಳ ನೆನಪಾಯಿತು.

ಅವಳು ನರ್ಸಿಂಗ್ ಓದಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಳು. 2020ರ ಬೇಸಿಗೆ. ಕೊರೊನಾ ವಾರ್ಡಿಗೆ ಸ್ವಇಚ್ಛೆಯಿಂದ ಬರುವವರು ಹೆಸರು ಕೊಡಬಹುದೆಂದಾಗ ಅವಳು ಕೊಟ್ಟಳು. ಆಗ ಲಸಿಕೆ ಇರಲಿಲ್ಲ. ಆರೋಗ್ಯ ಕಾರ್ಯಕರ್ತರಿಗೆ ಲಸಿಕೆ ಆರಂಭವಾದದ್ದು 2021ರ ಜನವರಿಯಲ್ಲಿ. ಅವಳಿಗೆ ಇಪ್ಪತ್ತಾರು ವರ್ಷ. ನಾನು ನಿವೃತ್ತನಾಗಿ ಒಂದು ವರ್ಷವಾಗಿತ್ತು, ದಿನವಿಡೀ ಟಿ.ವಿ. ಮುಂದೆ ಕುಳಿತು ಸಾವಿನ ಸಂಖ್ಯೆ ಎಣಿಸುತ್ತಿದ್ದೆ. ಬೇಡವೆಂದು ಫೋನಿನಲ್ಲಿ ಹೇಳಿದೆ, ಗದರಿದೆ, ಅವಳ ತಾಯಿಯಿಂದ ಅಳಿಸಿದೆ. ಅವಳು ಬದಲಾಗಲಿಲ್ಲ. ಜೂನ್ ತಿಂಗಳಲ್ಲಿ ಅವಳು ಆ ವಾರ್ಡಿಗೆ ಸೇರಲು ಮೂರು ದಿನವಿದ್ದಾಗ ನಾನು ಫೋನು ಮಾಡಿ, “ಎದೀ ನೋವು ಬಂದೈತಿ, ಒಮ್ಮೆ ಬಂದು ನೋಡಿ ಹೋಗು” ಎಂದೆ. ನನಗೆ ಯಾವ ನೋವೂ ಇರಲಿಲ್ಲ. ಮೂವತ್ತು ವರ್ಷಕ್ಕೂ ಮೀರಿ ಮಕ್ಕಳಿಗೆ ಸತ್ಯವನ್ನೇ ನುಡಿಯಿರಿ ಎಂದು ಪಾಠ ಹೇಳಿದ ಬಾಯಿ ಅದು.

ರಾತ್ರಿಯಿಡೀ ಬಸ್ಸಿನಲ್ಲಿ ಬಂದಳು. ಅಂಗಳದಲ್ಲಿಯೇ ಕೈಕಾಲು ತೊಳೆದು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನನ್ನ ನಾಡಿ ನೋಡಿದಳು, ಬಿ.ಪಿ. ನೋಡಿದಳು, ನಾಲ್ಕು ಪ್ರಶ್ನೆ ಕೇಳಿದಳು. ಅವಳಿಗೆ ತಿಳಿಯಿತು. ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, “ಅಪ್ಪಾಜಿ, ನಿಮಗ ಏನೂ ಆಗಿಲ್ರಿ” ಎಂದಳು, ಅಷ್ಟೇ. ಮರುದಿನ ಸಂಜೆಯ ಬಸ್ಸಿಗೆ ಹೋದಳು. ನಾನು ಬಸ್ ನಿಲ್ದಾಣದವರೆಗೂ ಹೋಗಲಿಲ್ಲ. ಸಿಟ್ಟಿನಿಂದಲ್ಲ, ಮುಖ ತೋರಿಸಲಾಗದೆ.

ಆ ವರ್ಷದ ಸೆಪ್ಟೆಂಬರಿನಲ್ಲಿ ಅವಳಿಗೆ ಸೋಂಕು ತಗುಲಿತು. ಹದಿನೇಳು ದಿನ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಳು. ಅದರಲ್ಲಿ ನಾಲ್ಕು ದಿನ ಆಮ್ಲಜನಕ ಬೇಕಾಯಿತಂತೆ. ನಮಗೆ ಗೊತ್ತಾದದ್ದು ಗುಣವಾದ ಮೇಲೆ, ಅಕ್ಟೋಬರಿನಲ್ಲಿ. ಯಾಕೆ ಹೇಳಲಿಲ್ಲವೆಂದು ಅವಳ ತಾಯಿ ಅತ್ತು ಕೇಳಿದಾಗ ಅವಳು ಹೇಳಿದ ಮಾತು ಇದು: “ಹೇಳಿದ್ರ ಅಪ್ಪಾಜಿಗೆ ಮತ್ತ ಎದೀ ನೋವು ಬರ್ತಿತ್ತವ್ವಾ.”

ಅವಳ ಮಾತಿನಲ್ಲಿ ವ್ಯಂಗ್ಯವಿತ್ತೋ ಕರುಣೆಯಿತ್ತೋ ಇಂದಿಗೂ ನನಗೆ ತಿಳಿಯದು. ತಿಳಿದದ್ದು ಇಷ್ಟು: ನನ್ನ ಸುಳ್ಳು ಅವಳನ್ನು ವಾರ್ಡಿನಿಂದ ತಡೆಯಲಿಲ್ಲ, ಸೋಂಕಿನಿಂದಲೂ ತಡೆಯಲಿಲ್ಲ. ಅವಳು ಮಲಗಿದ್ದ ಕೋಣೆಯ ಆಚೆ ಬದಿಗೆ ಫೋನು ಹಿಡಿದು ಕೂರುವ ತಂದೆಯೊಬ್ಬ ಇರಬಹುದಾಗಿತ್ತು. ಆ ತಂದೆಯನ್ನು ಮಾತ್ರ ತಡೆಯಿತು. ಕಷ್ಟ ಬಂದಾಗ ಮೊದಲು ನೆನಪಾಗಬೇಕಾದವನು ಕಷ್ಟವನ್ನು ಮುಚ್ಚಿಡಬೇಕಾದವನಾದ. ನಾಲ್ಕು ಕಷಾಯಗಳಲ್ಲಿ ಮಾಯೆ ಎಂದರೆ ಕಪಟ. ಪ್ರೀತಿಯ ವೇಷದಲ್ಲಿ ಬಂದಾಗ ಅದನ್ನು ಗುರುತಿಸುವುದು ಎಷ್ಟು ಕಷ್ಟವೆಂದು ನಾನು ಆಗ ಕಲಿತೆ. ಮರುವರ್ಷ, 2021ರ ಕ್ಷಮಾವಣಿಯಂದು, ಫೋನು ಮಾಡಿ ಅವಳ ಕ್ಷಮೆ ಕೇಳಿದೆ. “ಆತು ಬಿಡ್ರಿ ಅಪ್ಪಾಜಿ” ಎಂದಳು. ಆಮೇಲಿನಿಂದ ಸಣ್ಣಪುಟ್ಟದ್ದನ್ನು ಹೇಳತೊಡಗಿದ್ದಾಳೆ. ಎಲ್ಲವನ್ನೂ ಹೇಳುವ ದಿನ ಇನ್ನೂ ಬಂದಿಲ್ಲ.

ನಮ್ಮ ಭಾಷೆಯ ಪ್ರಾಚೀನ ಗದ್ಯಕೃತಿಯಾದ ‘ವಡ್ಡಾರಾಧನೆ’ಯಲ್ಲಿ ಹತ್ತೊಂಬತ್ತು ಕಥೆಗಳಿವೆ. ಮೊದಲನೆಯದೇ ಸುಕುಮಾರಸ್ವಾಮಿಯ ಕಥೆ. ಶಾಲೆಯಲ್ಲಿ ಹತ್ತಾರು ಸಲ ಹೇಳಿದ ಆ ಕಥೆಯನ್ನು ಮಗಳ ಘಟನೆಯ ನಂತರ ಬೇರೆ ಕಣ್ಣಿನಿಂದ ಓದಿದೆ. ಉಜ್ಜಯಿನಿಯ ಶ್ರೀಮಂತ ವಣಿಕನ ಮಗ ಸುಕುಮಾರ. ಋಷಿರೂಪವನ್ನು ಕಂಡ ದಿನವೇ ಇವನು ತಪಸ್ಸಿಗೆ ಹೋಗುತ್ತಾನೆ ಎಂಬ ಭವಿಷ್ಯವಾಣಿಯನ್ನು ಕೇಳಿದ ತಾಯಿ ಯಶೋಭದ್ರೆ ಮನೆಯೊಳಗೆ ಋಷಿಗಳು ಕಾಲಿಡದಂತೆ ಕಟ್ಟುಮಾಡಿದಳು. ಮೂವತ್ತೆರಡು ಮಂದಿ ಸೊಸೆಯರನ್ನು ತಂದಳು. ದೀಪದ ಬೆಳಕಿಗೂ ಕಣ್ಣಲ್ಲಿ ನೀರು ಬರುವಷ್ಟು, ಕೂತಲ್ಲಿ ಸಾಸಿವೆಯ ಕಾಳು ಒತ್ತಿದರೂ ನೋಯುವಷ್ಟು ಕೋಮಲವಾಗಿ ಮಗನನ್ನು ಬೆಳೆಸಿದಳು. ಕೊನೆಗೆ ಋಷಿಗಳ ಕಂಠ ಕಿವಿಗೆ ಬಿದ್ದು, ಪೂರ್ವಭವಗಳ ಸ್ಮರಣೆಯಾಗಿ, ತನ್ನ ಆಯುಷ್ಯ ಮೂರೇ ದಿನವೆಂದು ತಿಳಿದ ಆ ಮಗ ಉಪ್ಪರಿಗೆಯಿಂದ ಬಟ್ಟೆಗಳನ್ನು ಹಗ್ಗದಂತೆ ಕಟ್ಟಿ ಯಾರಿಗೂ ತಿಳಿಯದಂತೆ ಇಳಿದು ಹೋದ. ನರಿಯೊಂದು ಮರಿಗಳೊಡನೆ ಬಂದು ಮೂರು ರಾತ್ರಿ ಅವನ ದೇಹವನ್ನು ತಿಂದಿತು. ಅವನು ಅಲುಗದೆ ಉಪಸರ್ಗವನ್ನು ಸಹಿಸಿ ಸದ್ಗತಿ ಪಡೆದ.

ಧರ್ಮಸಭೆಗಳಲ್ಲಿ ನಾವು ಸುಕುಮಾರನ ಸಹನೆಯನ್ನು ಕೊಂಡಾಡುತ್ತೇವೆ. ಅದು ಯುಕ್ತವೇ. ಆದರೆ ನನ್ನ ಕಣ್ಣು ಈಗ ಆ ತಾಯಿಯ ಮೇಲೆ ನಿಲ್ಲುತ್ತದೆ. ಅವಳು ಕೆಟ್ಟವಳಲ್ಲ. ಪತಿ ಆಗಲೇ ತಪಸ್ಸಿಗೆ ಹೋಗಿದ್ದ, ಉಳಿದವನು ಇವನೊಬ್ಬ. ಅವಳು ಮುಚ್ಚಿದ ಬಾಗಿಲುಗಳಿಂದ ಮಗ ಹೋಗುವುದು ತಪ್ಪಲಿಲ್ಲ. ಹೇಳಿ ಹೋಗುವುದಷ್ಟೇ ತಪ್ಪಿತು. ಹೆಜ್ಜೆ ಹಾಕಿ ಅಭ್ಯಾಸವಿಲ್ಲದ ಆ ಕಾಲುಗಳಿಗೆ ಕಾಡಿನ ದಾರಿ ಎಷ್ಟು ಕಠಿಣವಾಗಿತ್ತೋ, ಆ ಕಾಠಿಣ್ಯವನ್ನು ಹೆಚ್ಚಿಸಿದ್ದು ತಾಯಿಯ ರಕ್ಷಣೆಯೇ. ಹಗ್ಗ ಹಿಡಿದು ಇಳಿದ ಮಗನೂ, ಹದಿನೇಳು ದಿನ ಹೇಳದೆ ಮಲಗಿದ ಮಗಳೂ ಒಂದೇ ಕಾರಣಕ್ಕೆ ಹಾಗೆ ಮಾಡಿದರು: ಬಾಗಿಲಲ್ಲಿ ನಾವು ನಿಂತಿದ್ದೆವು.

ಹಾಗಾದರೆ ಬಾಗಿಲಲ್ಲಿ ನಿಲ್ಲದೆ ತಂದೆ ಎಲ್ಲಿ ನಿಲ್ಲಬೇಕು? ಮೊದಲ ತೀರ್ಥಂಕರನಾದ ಆದಿನಾಥನೇ ಇದಕ್ಕೆ ಮಾದರಿ. ಮಕ್ಕಳಿಗೆ ವಿದ್ಯೆಯನ್ನು ಕೊಟ್ಟ. ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕವನ್ನೂ ಕಲಿಸಿದ. ಭರತ, ಬಾಹುಬಲಿ ಮೊದಲಾದ ಪುತ್ರರಿಗೆ ರಾಜ್ಯವನ್ನು ಹಂಚಿಕೊಟ್ಟು ತಾನು ತಪಸ್ಸಿಗೆ ತೆರಳಿದ. ಮುಂದೆ ಭರತ ಚಕ್ರವರ್ತಿಯು ತಮ್ಮಂದಿರು ತನಗೆ ತಲೆಬಾಗಬೇಕೆಂದಾಗ, ಬಾಹುಬಲಿಯ ಹೊರತು ಉಳಿದ ಸಹೋದರರು ತಂದೆಯ ಸನ್ನಿಧಿಗೆ ಹೋಗಿ ದಾರಿ ಕೇಳಿದರು. ಕೇಳಿದವರಿಗೆ ಆತ ಉಪದೇಶಿಸಿದ. ಅವರು ದೀಕ್ಷೆ ಪಡೆದರು. ಭರತ ಬಾಹುಬಲಿಯರು ಕೇಳಲಿಲ್ಲ, ದ್ವಂದ್ವಯುದ್ಧಕ್ಕೆ ನಿಂತರು. ಆ ಯುದ್ಧದ ನಡುವೆಯೇ ಬಾಹುಬಲಿಗೆ ವೈರಾಗ್ಯ ಮೂಡಿತು. ತಂದೆ ಅಡ್ಡ ಬಂದಿದ್ದರೆ ಅವನಿಗೆ ಅದು ತನ್ನೊಳಗಿನಿಂದಲೇ ಮೂಡುತ್ತಿತ್ತೇ ಎಂದು ಕೇಳಿಕೊಳ್ಳಬೇಕು. ಕಲಿಸುವುದು, ಪಾಲು ಕೊಡುವುದು, ಕೇಳಿದಾಗ ಹೇಳುವುದು, ಕೇಳದಿದ್ದಾಗ ದಾರಿ ಕಟ್ಟದಿರುವುದು, ಈ ನಾಲ್ಕೂ ಆ ಪುರಾಣದಲ್ಲಿವೆ.

ಪುರಾಣದ ಮಾತು ದೂರದ್ದೆನಿಸಿದರೆ ನಮ್ಮ ಬೆಳಗಾವಿ ಜಿಲ್ಲೆಯ ಎರಡು ಮನೆಗಳನ್ನು ನೋಡಬಹುದು. ದೂಧಗಂಗಾ, ವೇದಗಂಗಾ ನದಿಗಳ ಸಂಗಮದ ಭೋಜ ಗ್ರಾಮದ ಸಾತಗೌಡ ಪಾಟೀಲ, 1872ರಲ್ಲಿ ಜನಿಸಿದವರು, ಮುಂದೆ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರಾದರು. ತಾರುಣ್ಯದಲ್ಲಿಯೇ ಅವರಿಗೆ ಮುನಿಯಾಗುವ ಹಂಬಲವಿತ್ತು. ತಾವಿರುವವರೆಗೆ ಮನೆಯಲ್ಲಿದ್ದು ಧರ್ಮಸಾಧನೆ ಮಾಡೆಂದು ತಂದೆ ಕೇಳಿಕೊಂಡರು. ಮಗ ಹಾಗೆಯೇ ಇದ್ದರು. ತಂದೆತಾಯಿಗಳ ಕಾಲವಾದ ಮೇಲೆಯೇ ಮನೆ ಬಿಟ್ಟರು. ಯರನಾಳದಲ್ಲಿ ಅವರ ಮುನಿದೀಕ್ಷೆಯಾದದ್ದು 1920ರಲ್ಲಿ. ಇನ್ನೊಂದು ಮನೆ ಸದಲಗಾದ್ದು. ಅಲ್ಲಿ 1946ರಲ್ಲಿ ಹುಟ್ಟಿದ ವಿದ್ಯಾಧರ ಎಂಬ ಹುಡುಗ ಇಪ್ಪತ್ತರ ಆಸುಪಾಸಿನಲ್ಲಿ ಮನೆ ಬಿಟ್ಟು, 1968ರಲ್ಲಿ ಅಜಮೇರಿನಲ್ಲಿ ಆಚಾರ್ಯ ಜ್ಞಾನಸಾಗರರಿಂದ ದೀಕ್ಷೆ ಪಡೆದು ವಿದ್ಯಾಸಾಗರರಾದರು. ಕಾಲಕ್ರಮದಲ್ಲಿ ಅವರ ತಂದೆ ಮಲ್ಲಿಸಾಗರ ಮುನಿಗಳಾದರು, ತಾಯಿ ಸಮಯಮತಿ ಆರ್ಯಿಕೆಯಾದರು, ತಮ್ಮಂದಿರೂ ಮುನಿಗಳಾದರು.

ಒಂದು ಮನೆಯಲ್ಲಿ ಮಗ ತಂದೆಗಾಗಿ ಕಾದರು. ಇನ್ನೊಂದರಲ್ಲಿ ತಂದೆ ಮಗನ ದಾರಿಯಲ್ಲಿ ನಡೆದರು. ಎರಡರಲ್ಲಿ ಯಾವುದು ಸರಿ ಎಂದು ತೀರ್ಪು ಕೊಡುವ ಅರ್ಹತೆ ನನಗಿಲ್ಲ. ಆದರೆ ಭೋಜದ ತಂದೆ ಕೇಳಿಕೊಂಡದ್ದು ಬೇಡಿಕೆಯಾಗಿತ್ತು. ತನ್ನ ಆಸೆಯನ್ನು ಬಚ್ಚಿಡದೆ ಹೇಳಿ, ನಿರ್ಧಾರವನ್ನು ಮಗನ ವಿವೇಕಕ್ಕೆ ಬಿಡುವುದು ಒಂದು ರೀತಿ. ಎದೆನೋವಿನ ನೆಪ ಹೇಳಿ ಕರೆಸುವುದು ಇನ್ನೊಂದು ರೀತಿ. ಮೊದಲನೆಯದರಲ್ಲಿ ಆರ್ಜವವಿದೆ. ಎರಡನೆಯದನ್ನು ನಾನು ಮಾಡಿದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಶ್ರಾವಕನ ಸಾಧನೆಗೆ ಹನ್ನೊಂದು ಪ್ರತಿಮೆಗಳನ್ನು, ಅಂದರೆ ಹನ್ನೊಂದು ಮೆಟ್ಟಿಲುಗಳನ್ನು, ಸಮಂತಭದ್ರ ಆಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಎಂಟನೆಯದು ಆರಂಭತ್ಯಾಗ: ಬೇಸಾಯ, ವ್ಯಾಪಾರಗಳನ್ನು ಬಿಡುವುದು. ಒಂಬತ್ತನೆಯದು ಪರಿಗ್ರಹತ್ಯಾಗ: ಆಸ್ತಿಯ ಮೇಲಿನ ಮಮತೆಯನ್ನು ಬಿಡುವುದು. ಹತ್ತನೆಯದು ಅನುಮತಿತ್ಯಾಗ. ಮನೆಯ ಲೌಕಿಕ ವ್ಯವಹಾರಗಳಿಗೆ ಹೂಂ ಎಂದಾಗಲಿ ಉಹೂಂ ಎಂದಾಗಲಿ ಹೇಳುವುದನ್ನು ಬಿಟ್ಟು ಸಮಭಾವದಿಂದಿರುವುದು. ಹನ್ನೊಂದನೆಯ ಮೆಟ್ಟಿಲಿಗೆ ಮನೆಯೇ ಇಲ್ಲ.

ಈ ಕ್ರಮವನ್ನು ಎಷ್ಟೋ ವರ್ಷ ಬಾಯಿಪಾಠವಾಗಿ ಹೇಳಿಕೊಟ್ಟಿದ್ದೇನೆ. ಇದರ ಅರ್ಥ ಹೊಳೆದದ್ದು ತಡವಾಗಿ. ಹೊಲ ಬಿಟ್ಟ ಮೇಲೆ, ಹಣ ಬಿಟ್ಟ ಮೇಲೆ, ಕಪಾಟಿನ ಬೀಗದಕೈ ಮಗನ ಕೈಗೆ ಕೊಟ್ಟ ಮೇಲೂ ಮನೆಯ ಹಿರಿಯನಲ್ಲಿ ಒಂದು ವಸ್ತು ಉಳಿದಿರುತ್ತದೆ. “ನನ್ನನ್ನು ಕೇಳಿ ಮಾಡಬೇಕು” ಎಂಬ ಹಕ್ಕು ಅದು. ಆಚಾರ್ಯರು ಅದನ್ನು ಪರಿಗ್ರಹತ್ಯಾಗದ ನಂತರದ ಮೆಟ್ಟಿಲಲ್ಲಿ ಇಟ್ಟಿದ್ದಾರೆ. ಆಸ್ತಿಗಿಂತ ಅದನ್ನು ಬಿಡುವುದು ಕಷ್ಟವೆಂದು ಅವರಿಗೆ ಗೊತ್ತಿತ್ತು ಎಂದೇ ನಾನು ತಿಳಿಯುತ್ತೇನೆ. ನಮ್ಮಂಥ ಸಾಮಾನ್ಯ ಗೃಹಸ್ಥರು ಹತ್ತನೆಯ ಮೆಟ್ಟಿಲಿನಲ್ಲಿಲ್ಲ, ಬಹುಮಂದಿ ಎರಡನೆಯದರಲ್ಲಿಯೂ ಭದ್ರವಾಗಿ ನಿಂತಿಲ್ಲ. ಆದರೆ ಮೇಲಿನ ಮೆಟ್ಟಿಲು ಯಾವ ದಿಕ್ಕಿಗಿದೆ ಎಂಬುದು ಕೆಳಗೆ ನಿಂತವನಿಗೂ ಗೊತ್ತಿರಬೇಕು. ವಯಸ್ಸಿಗೆ ಬಂದ ಮಕ್ಕಳ ವಿಷಯದಲ್ಲಿ ಅನುಮತಿ ಎಂಬುದು ನಾವು ಕೂಡಿಟ್ಟುಕೊಂಡ ಪರಿಗ್ರಹ. ಅದನ್ನು ಅಣುವ್ರತದ ಅಳತೆಯಲ್ಲಾದರೂ ಇಂದಿನಿಂದಲೇ ಕಡಿಮೆ ಮಾಡಿಕೊಳ್ಳುತ್ತ ಬರಬೇಕು.

ಬಿಡುವುದು ಎಂದರೆ ಕೈತೊಳೆದುಕೊಳ್ಳುವುದೇ ಎಂದು ಕೆಲವರು ಕೇಳಬಹುದು. ಅಲ್ಲ. ನಮ್ಮ ಬಾಲ್ಯದಲ್ಲಿ ಘಟಪ್ರಭೆಯಲ್ಲಿ ಈಜು ಕಲಿಸುವಾಗ ಹಿರಿಯರು ಒಣ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟುತ್ತಿದ್ದರು. ಕೆಲವು ದಿನಗಳ ಮೇಲೆ ಬಿಚ್ಚುತ್ತಿದ್ದರು. ಬಿಚ್ಚಿದ ದಿನ ಅವರು ದಡದಿಂದ ಎದ್ದು ಹೋಗುತ್ತಿರಲಿಲ್ಲ. ಸುಳಿ ಎಲ್ಲಿದೆ, ಕಲ್ಲು ಎಲ್ಲಿದೆ ಎಂದು ಅಂದೇ ಹೆಚ್ಚಾಗಿ ಹೇಳುತ್ತಿದ್ದರು. ಮಳೆಗಾಲದ ಕೆಂಪು ನೀರಿಗೆ ಮಾತ್ರ ಯಾರನ್ನೂ ಇಳಿಸುತ್ತಿರಲಿಲ್ಲ.

ಸುಳಿ ಎಲ್ಲಿದೆಯೆಂದು ಹೇಳುವುದು ತಂದೆಯ ಮೊದಲ ಹೊಣೆ. ಅಪಾಯವನ್ನು ಹೆಚ್ಚಿಸಿಯೂ ಹೇಳಬಾರದು, ಮುಚ್ಚಿಯೂ ಇಡಬಾರದು. ಆ ರೈತರ ಮಗನ ವಿಷಯವನ್ನೇ ತೆಗೆದುಕೊಳ್ಳೋಣ. ಅವನು ಹೋಗಬಯಸಿದ್ದು 2022ರಲ್ಲಿ ಬಂದ ಅಗ್ನಿಪಥ ಯೋಜನೆಯಡಿ. ಅಲ್ಲಿ ಸೇವೆ ನಾಲ್ಕು ವರ್ಷ. ಅನಂತರ ಆ ತಂಡದಲ್ಲಿ ಹೆಚ್ಚೆಂದರೆ ಶೇಕಡಾ 25 ಮಂದಿಯನ್ನು ಮುಂದಿನ ಸೇವೆಗೆ ಉಳಿಸಿಕೊಳ್ಳುತ್ತಾರೆ. ಉಳಿದವರು ಇಪ್ಪತ್ಮೂರು, ಇಪ್ಪತ್ನಾಲ್ಕರ ವಯಸ್ಸಿಗೆ ಒಂದಿಷ್ಟು ಇಡುಗಂಟಿನೊಂದಿಗೆ ಮರಳಿ ಬೇರೆ ಕೆಲಸ ಹುಡುಕಬೇಕು. ಗುಂಡಿನ ಭಯದಲ್ಲಿದ್ದ ತಂದೆ ಇದನ್ನು ವಿಚಾರಿಸಿಯೇ ಇರಲಿಲ್ಲ. ಅಪಾಯವೆಂದರೆ ಸಾವೊಂದೇ ಎಂದು ತಿಳಿದು ನಾವು ನಿಜವಾಗಿ ಮಾತನಾಡಬೇಕಾದ ಎಷ್ಟೋ ವಿಷಯಗಳನ್ನು ಮಾತನಾಡುವುದೇ ಇಲ್ಲ.

ಎರಡನೆಯದು, ಆ ಅಪಾಯ ಯಾರ ತಲೆಯ ಮೇಲಿದೆ ಎಂದು ನೋಡುವುದು. ತನ್ನ ದೇಹ, ತನ್ನ ದುಡಿಮೆ, ತನ್ನ ವರ್ಷಗಳನ್ನು ಪಣಕ್ಕಿಡುವವನು ಬೇರೆ. ಹೆಂಡತಿಯ ಒಡವೆ, ಕೂಸಿನ ಹಾಲು, ಜಾಮೀನು ನಿಂತ ಗೆಳೆಯನ ಹೊಲವನ್ನು ಪಣಕ್ಕಿಡುವವನು ಬೇರೆ. ಎರಡನೆಯವನಿಗೆ ತಂದೆ ಮಾತ್ರವಲ್ಲ, ಊರೇ ತಡೆದು ಹೇಳಬೇಕು. ಇನ್ನು ಕೆಲವು ದಾರಿಗಳು ಸಾಹಸವೇ ಅಲ್ಲ, ವ್ಯಸನ. ಸಪ್ತವ್ಯಸನಗಳಲ್ಲಿ ಮೊದಲು ಹೇಳುವುದು ದ್ಯೂತವನ್ನು. ಅದು ಇಂದು ಮೊಬೈಲಿನೊಳಗೆ ಬಂದು ಕುಳಿತಿದೆ. ಮಳೆಗಾಲದ ಕೆಂಪು ನೀರು ಎಂದರೆ ಇದೇ.

ಮೂರನೆಯದು, ಅವನ ಕೆಲಸ ಯಾವುದು, ನನ್ನ ಕೆಲಸ ಯಾವುದು ಎಂದು ಬೇರೆ ಮಾಡುವುದು. ನನ್ನ ಬಂಧುಗಳೊಬ್ಬರ ಮಗ ಆನ್‌ಲೈನ್ ಬಾಜಿಯ ಸಾಲ ತೀರಿಸಲು ಹೊಲವನ್ನು ಅಡವಿಡಲು ತಂದೆಯ ಸಹಿ ಕೇಳಿದ. ಅವರು ಸಹಿ ಹಾಕಲಿಲ್ಲ. ಸಹಿ ತಮ್ಮ ಕೈಯ ಕೃತಿ, ಅದರ ಹೊಣೆ ತಮ್ಮದು ಎಂದರು. ಆದರೆ ಆ ರಾತ್ರಿ ಮಗನಿಗೆ ಊಟ ಬಡಿಸಿ, ಮರುದಿನ ಸಾಲ ಕೊಟ್ಟವರ ಬಳಿ ಅವನೊಂದಿಗೆ ಹೋಗಿ ಕಂತಿನ ಮಾತು ಆಡಿ ಬಂದರು. ಕೃತ್ಯಕ್ಕೆ ಒಪ್ಪದಿರುವುದಕ್ಕೂ ಮಗನನ್ನೇ ಒಪ್ಪದಿರುವುದಕ್ಕೂ ಇರುವ ಅಂತರವನ್ನು ನಾನು ಅವರಿಂದ ಕಲಿತೆ. ಹಾಗೆಯೇ ಇದರ ಇನ್ನೊಂದು ಮುಖ: ಮಗನನ್ನು ಹೋಗಗೊಡುವುದಕ್ಕೆ ಅವನ ಆಯ್ಕೆಯನ್ನು ಮೆಚ್ಚಲೇಬೇಕೆಂದಿಲ್ಲ. “ನನಗ ಇದು ಸರಿ ಕಾಣೂದಿಲ್ಲ, ಆದ್ರ ಜೀವನ ನಿನ್ನದು, ನಾ ಇಲ್ಲೇ ಇರ್ತೀನಿ” ಎಂದು ಹೇಳುವುದು ಅನುಮೋದನೆಯೂ ಅಲ್ಲ, ಅಡ್ಡಿಯೂ ಅಲ್ಲ. ಬಹುಮಟ್ಟಿಗೆ ನಮ್ಮಿಂದ ಸಾಧ್ಯವಾಗುವ ಸತ್ಯವಾದ ಮಾತು ಅದೊಂದೇ.

ಇಷ್ಟೆಲ್ಲ ಮಾಡಿಯೂ ಕೆಟ್ಟದ್ದು ಆದರೆ? ಇದಕ್ಕೆ ಸಮಾಧಾನದ ಉತ್ತರ ಕೊಡಲಾರೆ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಅನಿತ್ಯದ ನಂತರ ಬರುವುದು ಅಶರಣ ಭಾವನೆ. ಆಯುಷ್ಯ ತೀರಿದಾಗ ತಂದೆ ಮಗನಿಗೆ ಶರಣಾಗಲಾರ, ಮಗ ತಂದೆಗೆ ಶರಣಾಗಲಾರ ಎಂದು ದಿನವೂ ನೆನೆಯಬೇಕೆನ್ನುತ್ತಾರೆ. ಇದನ್ನು ಯುವಕರಿಗಿಂತ ತಂದೆತಾಯಿಗಳಿಗಾಗಿಯೇ ಹೇಳಿದಂತಿದೆ. ಮನೆಯಲ್ಲಿ ಕೂಡಿಹಾಕಿದ ಮಗನಿಗೂ ರಸ್ತೆಯಲ್ಲಿ ಲಾರಿ ಬರುತ್ತದೆ, ಹೊಲದಲ್ಲಿ ಹಾವು ಬರುತ್ತದೆ. ಕಾಯುವ ಶಕ್ತಿ ನಮಗಿದೆ ಎಂಬ ನಂಬಿಕೆಯೇ ಒಂದು ಮಿಥ್ಯೆ. ಅದನ್ನು ಬಿಟ್ಟಾಗ ನೋವು ಕಡಿಮೆಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ನೋವಿನ ಜೊತೆಗೆ ಸುಳ್ಳು ಸೇರುವುದಿಲ್ಲ, ಅಷ್ಟೇ.

ಕ್ಷಮಾವಣಿಯ ದಿನ ಆ ರೈತರಿಗೆ ಇದರಲ್ಲಿ ಸ್ವಲ್ಪ ಹೇಳಿದೆ, ನನ್ನ ಎದೆನೋವಿನ ಕಥೆಯನ್ನೂ ಸೇರಿಸಿ. “ಹಂಗಾರ ಹೂಂ ಅನ್ಲೇನ್ರಿ?” ಎಂದು ಕೇಳಿದರು. “ಹೂಂ, ಉಹೂಂ ಎರಡೂ ಆಮ್ಯಾಲೆ. ಮೊದಲ ಅವನ ಸಂಗಾಟ ಒಂದ್ ತಾಸು ಕುಂದ್ರು ತಮ್ಮಾ. ನಿನ್ನ ಅಂಜಿಕಿ ಪೂರಾ ಹೇಳು, ಅವನ ಮಾತು ಪೂರಾ ಕೇಳು” ಎಂದೆ. ಕಬ್ಬಿನ ಹೊಲದ ಬದುವಿನ ಮೇಲೆ ಇಬ್ಬರೂ ಕುಳಿತು ಮಾತನಾಡಿದರಂತೆ. ನಾಲ್ಕು ವರ್ಷದ ನಂತರ ಏನು ಮಾಡುವನೆಂದು ಮಗ ಆಗಲೇ ಯೋಚಿಸಿಟ್ಟಿದ್ದನಂತೆ. ತಂದೆ ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಆ ಬಳಿಕ ಮಗ ನಸುಕಿನಲ್ಲಿ ಓಡಲು ಹೋಗುವಾಗ ತಂದೆಯೇ ಎದ್ದು ಹಾಲು ಕಾಸಿಕೊಡುತ್ತಿದ್ದರು.

ಆ ಸಲದ ಭರ್ತಿಯಲ್ಲಿ ಹುಡುಗ ಆಯ್ಕೆಯಾಗಲಿಲ್ಲ. ಮೊನ್ನೆ ಸಂತೆಯಲ್ಲಿ ಸಿಕ್ಕಾಗ ಆ ತಂದೆ ಹೇಳಿದರು: “ನನಗ ಖುಷಿ ಆಗಬೇಕಿತ್ತಲ್ರಿ ಗುರುಗಳ. ಯಾಕೋ ಏನೋ, ಅವನ ಮಾರಿ ನೋಡಿ ನನಗೂ ಸಂಕಟಾತು. ಇನ್ನೊಂದು ಸಲ ನೋಡ್ತೀನಿ ಅಂತಾನ. ನೋಡು ಅಂದೀನ್ರಿ.”

ಜೈ ಜಿನೇಂದ್ರ.